ಗುರುವಿನ ನಿರೀಕ್ಷೆಯೂ ಶಿಷ್ಯನ ಏಳಿಗೆಯೂ

ಶ್ರೀಮಠದ ಆಶ್ರಯದಲ್ಲಿ ನಡೆದು ಬಂದಿರುವ ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಒಂದು ಅಭ್ಯಾಸಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡಾಗ, ಸಂಸ್ಥೆ ನಡೆದು ಬಂದ ದಾರಿ, ದಾನಿಗಳ ಔದಾರ್ಯ, ಪೂಜ್ಯರ ದಾಸೋಹ ಮುಂತಾದ ವಿಷಯಗಳನ್ನು ನನಗಿಂತ ಬಲ್ಲವರು ಬರೆಯುವರೆಂಬ ಭರವಸೆಯಿಂದ ನಾನು ಒಂದು ಸಣ್ಣ ವಿಷಯವನ್ನು ಆರಿಸಿಕೊಂಡೆ. ಉಪಾಧ್ಯಾಯನು ತರಗತಿಯೊಳಗೆ ಕಾಲಿಟ್ಟು ಮಕ್ಕಳ ಮುಖಗಳನ್ನು ನೋಡಿದಾಗ ಅವನ ಮನಸ್ಸಿನಲ್ಲಿ ಏಳುವ ಎಣಿಕೆ ಯಾವುದು, ಆ ಎಣಿಕೆಯಿಂದ ಮಗುವಿಗೆ ಏನಾಗುತ್ತದೆ ಎಂಬುದೇ ಆ ವಿಷಯ. ನೋಡಲು ಸಣ್ಣದಾದರೂ ಇದರ ವಿಚಾರವಾಗಿ ಕಳೆದ ಅರುವತ್ತು ವರ್ಷಗಳಲ್ಲಿ ವಿದ್ವಾಂಸರು ನಡೆಸಿದ ಚರ್ಚೆ ಸಣ್ಣದಲ್ಲ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಂದುವರಿಯುವುದು ಲೇಸು. ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಮೊದಲ ಜೂನ್ ತಿಂಗಳಲ್ಲಿ ಹಿಂದಿನ ವರ್ಗಶಿಕ್ಷಕರು ಹಾಜರಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಹೆಸರುಗಳ ಪಕ್ಕದಲ್ಲಿ ಪೆನ್ಸಿಲಿನಿಂದ 'ಜಾಣ', 'ಸಾಧಾರಣ', 'ಮಂದ' ಎಂದು ಬರೆದಿತ್ತು. ಅನುಭವಸ್ಥರ ಮಾತೆಂದು ನಾನು ಅದನ್ನು ನನ್ನ ಟಿಪ್ಪಣಿ ಪುಸ್ತಕಕ್ಕೆ ಹಾಗೆಯೇ ಇಳಿಸಿಕೊಂಡೆ. 'ಮಂದ' ಎಂದಿದ್ದವರಲ್ಲಿ ಒಬ್ಬ ಹುಡುಗ ಹಿಂದಿನ ಕಂಬಕ್ಕೆ ಒರಗಿ ಕುಳಿತುಕೊಳ್ಳುತ್ತಿದ್ದ. ವರ್ಷವೆಲ್ಲ ನಾನು ಅವನನ್ನು ಗದರಿಸಲಿಲ್ಲ, ಹೊಡೆಯಲೂ ಇಲ್ಲ. ಪ್ರಶ್ನೆಯನ್ನೂ ಕೇಳಲಿಲ್ಲ. ಪಾಪ, ಎಲ್ಲರೆದುರಿಗೆ ಅವಮಾನವಾಗಬಾರದು ಎಂಬ ಸದುದ್ದೇಶವೇ ಇತ್ತೆಂದು ನನ್ನ ಪರವಾಗಿ ಹೇಳಿಕೊಳ್ಳಬಹುದು. ವಾರ್ಷಿಕ ಪರೀಕ್ಷೆಯಲ್ಲಿ ಅವನು ಗಣಿತದಲ್ಲಿ ನಪಾಸಾದ. ನನ್ನ ಅಂದಾಜು ಸರಿಯಾಯಿತೆಂದು ನನಗೆ ಒಳಗೊಳಗೇ ಒಂದು ಬಗೆಯ ಸಮಾಧಾನವಾಯಿತು. ಇಂದು ನೆನೆದರೆ ನಾಚಿಕೆಯಾಗುವುದು ಆ ಸಮಾಧಾನಕ್ಕೇ. ಎರಡು ವರ್ಷಗಳ ಅನಂತರ ಪೇಟೆಯ ಒಂದು ಅಡತಿ ಅಂಗಡಿಯಲ್ಲಿ ಅದೇ ಹುಡುಗನನ್ನು ಕಂಡೆ. ಜೋಳದ ಚೀಲಗಳ ತೂಕ, ದರ, ಹಮಾಲಿ, ದಲಾಲಿ ಎಲ್ಲವನ್ನೂ ಕೂಡಿಸಿ ಕಳೆದು, ಕಾಗದ ಮುಟ್ಟದೆ, ರೈತನಿಗೆ ಸಲ್ಲಬೇಕಾದ ಮೊತ್ತವನ್ನು ಪೈಸೆಯವರೆಗೆ ಬಾಯಿಂದಲೇ ಹೇಳುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತು, "ಬರ್ರಿ ಸರ್, ಕೂಡ್ರಿ" ಎಂದು ಉಪಚರಿಸಿದ. ಲೆಕ್ಕ ಬಾರದವನು ಅವನಾಗಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ನಿರೀಕ್ಷೆಯು ತನ್ನನ್ನು ತಾನೇ ನಿಜಮಾಡಿಕೊಳ್ಳುತ್ತದೆ ಎಂಬ ವಿಚಾರಕ್ಕೆ ಶಾಸ್ತ್ರೀಯವಾದ ಹೆಸರನ್ನು ಕೊಟ್ಟವನು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್. 1948ರಲ್ಲಿ ಅವನು ಬರೆದ ಪ್ರಬಂಧದಲ್ಲಿ ಒಂದು ಬ್ಯಾಂಕಿನ ದೃಷ್ಟಾಂತ ಬರುತ್ತದೆ. ಭದ್ರವಾಗಿಯೇ ನಡೆಯುತ್ತಿದ್ದ ಬ್ಯಾಂಕು ಮುಳುಗಲಿದೆ ಎಂಬ ಸುಳ್ಳು ಸುದ್ದಿ ಊರಿನಲ್ಲಿ ಹಬ್ಬುತ್ತದೆ. ಠೇವಣಿ ಇಟ್ಟವರೆಲ್ಲ ಒಂದೇ ದಿನ ಹಣ ಕೇಳಲು ಧಾವಿಸುತ್ತಾರೆ. ಬ್ಯಾಂಕು ನಿಜವಾಗಿಯೂ ಮುಳುಗುತ್ತದೆ. ಸುದ್ದಿ ಹಬ್ಬಿಸಿದವರು 'ನಾವು ಹೇಳಿರಲಿಲ್ಲವೇ?' ಎನ್ನುತ್ತಾರೆ. ನಮ್ಮ ದಾನಿಗಳಲ್ಲಿ ಸಹಕಾರಿ ಬ್ಯಾಂಕುಗಳನ್ನು ಕಟ್ಟಿದವರು ಅನೇಕರಿರುವುದರಿಂದ ಈ ದೃಷ್ಟಾಂತವನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲಿಗೆ ಸುಳ್ಳಾಗಿದ್ದ ಒಂದು ನಂಬಿಕೆ ಜನರ ನಡೆಯನ್ನು ಬದಲಿಸಿ, ಆ ನಡೆಯ ಮೂಲಕ ನಿಜವಾಗುತ್ತದೆ. ನಡುವೆ 'ನಡೆ' ಎಂಬುದೊಂದು ಇದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಈ ಲೇಖನದ ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

ಮನಸ್ಸಿನೊಳಗಿನ ಎಣಿಕೆ ಬಾಯಿಂದ ಆಡದೆಯೇ ಇನ್ನೊಬ್ಬರಿಗೆ ಹೇಗೆ ಮುಟ್ಟುತ್ತದೆ ಎಂದು ಕೇಳಬಹುದು. ಇದಕ್ಕೆ ಉತ್ತರ ಕೊಟ್ಟದ್ದು ಒಂದು ಕುದುರೆ! ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ಶಿಕ್ಷಕನ ಬಳಿ ಹಾನ್ಸ್ ಎಂಬ ಕುದುರೆಯಿತ್ತು. ಕೂಡುವ, ಕಳೆಯುವ ಲೆಕ್ಕಗಳನ್ನು ಕೇಳಿದರೆ ಅದು ಗೊರಸಿನಿಂದ ನೆಲವನ್ನು ಅಷ್ಟು ಸಲ ತಟ್ಟಿ ಉತ್ತರ ಹೇಳುತ್ತಿತ್ತು. ಒಡೆಯನಲ್ಲಿ ಮೋಸವಿರಲಿಲ್ಲ, ಅವನಿಲ್ಲದಾಗಲೂ ಬೇರೆಯವರು ಕೇಳಿದರೆ ಕುದುರೆ ಉತ್ತರಿಸುತ್ತಿತ್ತು. 1904ರಲ್ಲಿ ಒಂದು ಸಮಿತಿ ಪರೀಕ್ಷಿಸಿ, ಇದರಲ್ಲಿ ಕಪಟವೇನೂ ಕಾಣುವುದಿಲ್ಲವೆಂದು ಹೇಳಿತು. ಆಮೇಲೆ ಆಸ್ಕರ್ ಫುಂಗ್ಸ್ಟ್ ಎಂಬ ತರುಣ ಮನಶ್ಶಾಸ್ತ್ರಜ್ಞನು ಎರಡು ಸಣ್ಣ ಮಾರ್ಪಾಡುಗಳನ್ನು ಮಾಡಿದ. ಪ್ರಶ್ನೆ ಕೇಳುವವನಿಗೇ ಉತ್ತರ ತಿಳಿಯದಂತೆ ಮಾಡಿದಾಗ ಕುದುರೆಗೂ ಉತ್ತರ ತಿಳಿಯಲಿಲ್ಲ. ಕೇಳುವವನು ಕುದುರೆಯ ಕಣ್ಣಿಗೆ ಬೀಳದಂತೆ ನಿಂತಾಗಲೂ ಅಷ್ಟೇ. ಸರಿಯಾದ ಎಣಿಕೆ ಬಂದೊಡನೆ ಕೇಳುವವನ ತಲೆಯೂ ಮೈಯೂ ಅವನಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಸಡಿಲಗೊಳ್ಳುತ್ತಿದ್ದವು. ಕುದುರೆ ಅದನ್ನು ನೋಡಿ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಫುಂಗ್ಸ್ಟ್ ತನ್ನ ಗ್ರಂಥವನ್ನು 1907ರಲ್ಲಿ ಪ್ರಕಟಿಸಿದ. ಒಂದು ಮೂಕಪ್ರಾಣಿಯು ಅಪರಿಚಿತನ ಮುಖಭಾವದಿಂದ ಇಷ್ಟನ್ನು ಓದಬಲ್ಲದಾದರೆ, ದಿನಕ್ಕೆ ಐದಾರು ಗಂಟೆ ಗುರುವಿನ ಮುಖವನ್ನೇ ನೋಡುತ್ತ ಕುಳಿತಿರುವ ಮಗು ಏನೇನನ್ನು ಓದುತ್ತಿರಬಹುದು? ನಮ್ಮ ಮನಸ್ಸಿನಲ್ಲಿರುವುದು ಮಕ್ಕಳಿಗೆ ತಿಳಿಯದೆಂದು ಭಾವಿಸುವ ಉಪಾಧ್ಯಾಯರು ಈ ಕುದುರೆಯ ವೃತ್ತಾಂತವನ್ನು ಆಗಾಗ ನೆನೆಯುವುದು ಒಳ್ಳೆಯದು.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ರೋಸೆಂಥಾಲ್ ಮೊದಲು ಇಲಿಗಳನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದ. ಹನ್ನೆರಡು ಜನ ವಿದ್ಯಾರ್ಥಿಗಳಿಗೆ ತಲಾ ಐದು ಇಲಿಗಳನ್ನು ಕೊಟ್ಟು, ಅರ್ಧ ಜನಕ್ಕೆ 'ನಿಮ್ಮವು ಜಾಣ ತಳಿ' ಎಂದೂ ಉಳಿದವರಿಗೆ 'ನಿಮ್ಮವು ಮಂದ ತಳಿ' ಎಂದೂ ಹೇಳಿದ. ಇಲಿಗಳೆಲ್ಲ ಒಂದೇ ಬಗೆಯವು. ಆದರೂ ಚಕ್ರವ್ಯೂಹದಂಥ ದಾರಿಯಲ್ಲಿ ಓಡಿಸಿದಾಗ 'ಜಾಣ' ಎನಿಸಿಕೊಂಡ ಇಲಿಗಳೇ ಹೆಚ್ಚು ಕಲಿತವು. ಅವುಗಳನ್ನು ಪಡೆದ ವಿದ್ಯಾರ್ಥಿಗಳು ಅವನ್ನು ಹೆಚ್ಚು ಮೃದುವಾಗಿ ಕೈಯಲ್ಲಿ ಹಿಡಿದು ನೋಡಿಕೊಂಡಿದ್ದರು. 1963ರಲ್ಲಿ ರೋಸೆಂಥಾಲ್ ಬರೆದ ಒಂದು ಲೇಖನವನ್ನು ಓದಿ, ಕ್ಯಾಲಿಫೋರ್ನಿಯದ ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಲೆನೋರ್ ಜೇಕಬ್ಸನ್ ಅವನಿಗೆ ಪತ್ರ ಬರೆದರು. ಇಂಥ ಪ್ರಯೋಗ ಮಕ್ಕಳ ನಡುವೆ ನಡೆಯಬೇಕಾದರೆ ತನ್ನ ಶಾಲೆ ಸಿದ್ಧವಿದೆ ಎಂಬುದು ಪತ್ರದ ಭಾವ. ಜಗತ್ತಿನ ಶಿಕ್ಷಣಶಾಸ್ತ್ರದಲ್ಲಿ ದೊಡ್ಡ ಕೋಲಾಹಲವನ್ನೆಬ್ಬಿಸಿದ ಈ ಅಧ್ಯಯನಕ್ಕೆ ಒಬ್ಬ ಶಾಲೆಯ ಮುಖ್ಯಸ್ಥೆಯ ಕುತೂಹಲವೇ ದಾರಿ ಮಾಡಿತೆಂಬುದು ನಮ್ಮ ವೃತ್ತಿಯವರು ಹೆಮ್ಮೆಪಡಬೇಕಾದ ಸಂಗತಿ.

1964ರಲ್ಲಿ ಆ ಶಾಲೆಯ ಮಕ್ಕಳಿಗೆಲ್ಲ ಒಂದು ಬುದ್ಧಿಪರೀಕ್ಷೆಯನ್ನು ಕೊಡಲಾಯಿತು. ಮುಂದೆ ಯಾರು ಹಠಾತ್ತನೆ ಅರಳಲಿದ್ದಾರೆ ಎಂಬುದನ್ನು ಅದು ತೋರಿಸಿಕೊಡುತ್ತದೆ ಎಂದು ಶಿಕ್ಷಕರಿಗೆ ಹೇಳಲಾಯಿತು. ಹೊಸ ವರ್ಷದ ತರಗತಿಗಳು ಆರಂಭವಾದಾಗ ಪ್ರತಿಯೊಬ್ಬ ಶಿಕ್ಷಕರಿಗೂ ಕೆಲವು ಹೆಸರುಗಳ ಪಟ್ಟಿ ದೊರೆಯಿತು. ಒಟ್ಟು ಮಕ್ಕಳಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಆ ಪಟ್ಟಿಗಳಲ್ಲಿದ್ದರು. ನಿಜದಲ್ಲಿ ಆ ಹೆಸರುಗಳನ್ನು ಚೀಟಿ ಎತ್ತಿದಂತೆ ಗೊತ್ತುಗುರಿಯಿಲ್ಲದೆ ಆರಿಸಲಾಗಿತ್ತು. ಪಟ್ಟಿಯಲ್ಲಿದ್ದ ಮಗುವಿಗೂ ಇಲ್ಲದ ಮಗುವಿಗೂ ಇದ್ದ ಅಂತರ ಶಿಕ್ಷಕರ ಮನಸ್ಸಿನಲ್ಲಿ ಮಾತ್ರ. ವರ್ಷಾಂತ್ಯದಲ್ಲಿ ಮತ್ತೆ ಪರೀಕ್ಷಿಸಿದಾಗ ಒಂದನೆಯ ತರಗತಿಯಲ್ಲಿ ಪಟ್ಟಿಯ ಮಕ್ಕಳ ಬುದ್ಧಿಸೂಚ್ಯಂಕ ಸರಾಸರಿ 27.4 ಅಂಶ ಏರಿತ್ತು, ಉಳಿದವರದು 12. ಎರಡನೆಯ ತರಗತಿಯಲ್ಲಿ 16.5 ಮತ್ತು 7. ಮೂರರಿಂದ ಆರನೆಯ ತರಗತಿಯವರೆಗೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. 1968ರಲ್ಲಿ ಇಬ್ಬರೂ ಕೂಡಿ ಇದನ್ನು ಗ್ರಂಥರೂಪದಲ್ಲಿ ಪ್ರಕಟಿಸಿ, ತಾನು ಕೆತ್ತಿದ ವಿಗ್ರಹವನ್ನೇ ಪ್ರೀತಿಸಿ ಅದಕ್ಕೆ ಜೀವ ಬರುವುದನ್ನು ಕಂಡ ಗ್ರೀಕ್ ಪುರಾಣದ ಶಿಲ್ಪಿ ಪಿಗ್ಮೇಲಿಯನ್ನನ ಹೆಸರನ್ನು ಅದಕ್ಕಿಟ್ಟರು.

ಆ ಗ್ರಂಥದಲ್ಲಿ ಇನ್ನೊಂದು ಸಂಗತಿ ಇದೆ. ಭಾಷಣಗಳಲ್ಲಿ ಈ ಪ್ರಯೋಗವನ್ನು ಉದಾಹರಿಸುವವರು ಅದನ್ನು ಹೇಳುವುದು ಅಪರೂಪ. ನನಗಂತೂ ಅದೇ ಹೆಚ್ಚು ಮನಕರಗಿಸಿತು. ಪಟ್ಟಿಯಲ್ಲಿಲ್ಲದ ಮಕ್ಕಳಲ್ಲಿಯೂ ಕೆಲವರು ತಮ್ಮಷ್ಟಕ್ಕೆ ತಾವೇ ಬಹಳ ಮುಂದುವರಿದಿದ್ದರು. ಅಂಥವರನ್ನು ಶಿಕ್ಷಕರು ಮೆಚ್ಚಿಕೊಳ್ಳಬೇಕಾಗಿತ್ತಲ್ಲವೇ? ಆದರೆ ವರ್ಷಾಂತ್ಯದಲ್ಲಿ ಮಕ್ಕಳ ಗುಣನಡತೆಯ ಬಗ್ಗೆ ಕೇಳಿದಾಗ, ಹೀಗೆ ಅನಿರೀಕ್ಷಿತವಾಗಿ ಮುಂದೆ ಬಂದ ಮಕ್ಕಳ ವಿಷಯದಲ್ಲಿ, ವಿಶೇಷವಾಗಿ ಹಿಂದುಳಿದ ವಿಭಾಗದ ಮಕ್ಕಳ ವಿಷಯದಲ್ಲಿ, ಶಿಕ್ಷಕರ ಅಭಿಪ್ರಾಯ ಅಷ್ಟು ಪ್ರಸನ್ನವಾಗಿರಲಿಲ್ಲ. ತಾನು ಹಾಕಿದ ಗೆರೆಯನ್ನು ದಾಟಿದ ಮಗುವನ್ನು ಕಂಡರೆ ದೊಡ್ಡವರಿಗೆ ಒಂದು ಕಸಿವಿಸಿ. ನಪಾಸಾದ ಹುಡುಗನನ್ನು ಕಂಡು ನನಗಾದ ಸಮಾಧಾನವೂ ಇದೂ ಒಂದೇ ನಾಣ್ಯದ ಎರಡು ಮುಖಗಳು.

ಈ ಪ್ರಯೋಗವನ್ನು ಇಲ್ಲಿಗೇ ನಿಲ್ಲಿಸಿ 'ಒಳ್ಳೆಯದನ್ನು ಬಯಸಿದರೆ ಒಳ್ಳೆಯದೇ ಆಗುತ್ತದೆ' ಎಂದು ಹೇಳಿಬಿಟ್ಟರೆ ಕೇಳುಗರು ಚಪ್ಪಾಳೆ ತಟ್ಟಿಯಾರು. ಆದರೆ ಅದು ಪ್ರಾಮಾಣಿಕತೆಯಾಗದು. ಗ್ರಂಥ ಹೊರಬಿದ್ದ ವರ್ಷವೇ ರಾಬರ್ಟ್ ಥಾರ್ನ್‌ಡೈಕ್ ಎಂಬ ಪರೀಕ್ಷಾತಜ್ಞನು ಅದನ್ನು ಕಟುವಾಗಿ ಟೀಕಿಸಿದ. ಬಳಸಿದ ಬುದ್ಧಿಪರೀಕ್ಷೆ ಅಷ್ಟು ಚಿಕ್ಕ ಮಕ್ಕಳಿಗೆ ತಕ್ಕುದಾಗಿರಲಿಲ್ಲ, ಆದುದರಿಂದ ಒಂದನೆಯ ಎರಡನೆಯ ತರಗತಿಯ ಅಂಕಿಗಳನ್ನು ನೆಚ್ಚುವಂತಿಲ್ಲ ಎಂಬುದು ಅವನ ಆಕ್ಷೇಪ. ಅದರಲ್ಲಿ ತಥ್ಯವಿತ್ತು. ಬಳಿಕ ಹತ್ತಾರು ಪ್ರಯೋಗಗಳು ನಡೆದು, ಕೆಲವು ಪರವಾಗಿಯೂ ಕೆಲವು ವಿರೋಧವಾಗಿಯೂ ಬಂದವು. 1984ರಲ್ಲಿ ಸ್ಟೀಫನ್ ರಾಡೆನ್‌ಬುಷ್ ಎಂಬ ವಿದ್ವಾಂಸನು ಇಂಥ 18 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ ಈ ಗೊಂದಲಕ್ಕೆ ಒಂದು ಕಾರಣವನ್ನು ಕಂಡುಹಿಡಿದ. ಹೆಸರುಗಳ ಪಟ್ಟಿ ಕೈಗೆ ಬರುವ ಹೊತ್ತಿಗೆ ಶಿಕ್ಷಕರಿಗೆ ಮಕ್ಕಳ ಪರಿಚಯವಾಗಿ ಎರಡು ವಾರ ಮೀರಿದ್ದರೆ ಪಟ್ಟಿಯ ಪ್ರಭಾವ ಹೆಚ್ಚುಕಡಿಮೆ ಶೂನ್ಯವಾಗಿತ್ತು. ಪರಿಚಯ ಹೊಸದಾಗಿದ್ದಾಗ ಮಾತ್ರ ಪ್ರಭಾವ ಕಾಣುತ್ತಿತ್ತು. ಹದಿನೈದು ದಿನಗಳೊಳಗೆ ನಮ್ಮ ಮನಸ್ಸಿನ ಅಚ್ಚು ಒಣಗಿ ಗಟ್ಟಿಯಾಗುತ್ತದೆಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. 2005ರಲ್ಲಿ ಲೀ ಜಸ್ಸಿಮ್ ಮತ್ತು ಕೆಂಟ್ ಹಾರ್ಬರ್ ಎಂಬವರು ಮೂವತ್ತೈದು ವರ್ಷಗಳ ಸಂಶೋಧನೆಯನ್ನೆಲ್ಲ ಪರಿಶೀಲಿಸಿ ತೂಕದ ತೀರ್ಮಾನವೊಂದನ್ನು ಕೊಟ್ಟರು. ನಿರೀಕ್ಷೆಯ ಪ್ರಭಾವ ಇರುವುದು ನಿಜ, ಆದರೆ ಸಾಮಾನ್ಯವಾಗಿ ಅದು ಸಣ್ಣದು. ಶಿಕ್ಷಕರ ಅಂದಾಜು ಬಹುಮಟ್ಟಿಗೆ ಮಗುವಿನ ನಿಜಸ್ಥಿತಿಯನ್ನೇ ಹೇಳುತ್ತಿರುತ್ತದೆ. ಆದರೆ ಸಮಾಜವು ಈಗಾಗಲೇ ಕೀಳಾಗಿ ಕಂಡ ವರ್ಗಗಳ ಮಕ್ಕಳ ಮೇಲೆ ಅದು ಗಾಢವಾಗಿ ಕೆಲಸ ಮಾಡಬಹುದು.

ಈ ಕೊನೆಯ ಮಾತಿನ ಮೇಲೆ ನಮ್ಮ ಸಂಸ್ಥೆಯಂಥವು ಸ್ವಲ್ಪ ಹೊತ್ತು ನಿಲ್ಲಬೇಕು. ಮನೆಯಲ್ಲಿ ಓದು ಬಲ್ಲ ತಂದೆತಾಯಿಗಳು, ಪುಸ್ತಕ, ದೀಪ, ಎರಡು ಹೊತ್ತಿನ ಊಟ ಇರುವ ಮಗುವಿಗೆ ಗುರುವಿನ ಅನಾದರ ಒಂದು ಗೀರು ಅಷ್ಟೇ. ಅದನ್ನು ಮಾಯಿಸಲು ಹತ್ತು ಕೈಗಳಿರುತ್ತವೆ. ಪ್ರಸಾದನಿಲಯದ ಅನ್ನವನ್ನು ನಂಬಿ, ಒಂದು ತಗಡಿನ ಪೆಟ್ಟಿಗೆಯನ್ನು ಹೊತ್ತು ಬರುವ ಹುಡುಗನಿಗೆ ಗುರುವಿನ ಮುಖವಲ್ಲದೆ ಬೇರೆ ಕನ್ನಡಿಯಿಲ್ಲ. ಆ ಕನ್ನಡಿಯಲ್ಲಿ ಏನು ಕಾಣುವುದೋ ಅದನ್ನೇ ತಾನೆಂದು ಅವನು ನಂಬುತ್ತಾನೆ.

ಇನ್ನು ನಡೆಯ ವಿಷಯ. ಗುರುವಿನ ಎಣಿಕೆ ಯಾವ ನಡೆಯ ಮೂಲಕ ಮಗುವನ್ನು ಮುಟ್ಟುತ್ತದೆ? ಮುಖಪ್ರಸನ್ನತೆ, ಕಲಿಸುವ ವಿಷಯದ ಪ್ರಮಾಣ, ಉತ್ತರಿಸಲು ಕೊಡುವ ಅವಕಾಶ, ಉತ್ತರ ಬಂದ ಮೇಲೆ ಆಡುವ ಮಾತು, ಹೀಗೆ ಸಂಶೋಧಕರು ಹಲವನ್ನು ಹೇಳಿದ್ದಾರೆ. ಇವುಗಳಲ್ಲಿ ಅವಕಾಶವೆಂಬುದನ್ನು ಗಡಿಯಾರ ಹಿಡಿದು ಅಳೆದವರು ಮೇರಿ ಬಡ್ ರೋ ಎಂಬ ವಿದುಷಿ. 1970ರ ದಶಕದಲ್ಲಿ ಪ್ರಕಟವಾದ ಅವರ ಅಧ್ಯಯನಗಳು ಪ್ರತಿಯೊಬ್ಬ ಉಪಾಧ್ಯಾಯನೂ ತಿಳಿದಿರಬೇಕಾದವು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುವ ಅವಧಿ ಸರಾಸರಿ ಒಂದು ಸೆಕೆಂಡ್ ಮಾತ್ರ! ಅಷ್ಟರೊಳಗೆ ಉತ್ತರ ಬಾರದಿದ್ದರೆ ಇನ್ನೊಬ್ಬನನ್ನು ಎಬ್ಬಿಸುತ್ತಾರೆ, ಇಲ್ಲವೇ ತಾವೇ ಹೇಳಿಬಿಡುತ್ತಾರೆ. ಅದರಲ್ಲಿಯೂ ಜಾಣರೆಂದು ಎಣಿಸಿದ ಮಕ್ಕಳಿಗೆ ಸುಮಾರು ಎರಡು ಸೆಕೆಂಡ್ ಕಾದರೆ, ಹಿಂದುಳಿದವರೆಂದು ಎಣಿಸಿದವರಿಗೆ ಒಂದು ಸೆಕೆಂಡನ್ನೂ ಪೂರ್ತಿಯಾಗಿ ಕೊಡುತ್ತಿರಲಿಲ್ಲ. ಯೋಚಿಸಲು ಹೆಚ್ಚು ಹೊತ್ತು ಬೇಕಾದವನಿಗೆ ಕಡಿಮೆ ಹೊತ್ತು! ಶಿಕ್ಷಕರಿಗೆ ಅಭ್ಯಾಸ ಮಾಡಿಸಿ ಕಾಯುವ ಅವಧಿಯನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. 'ಗೊತ್ತಿಲ್ಲ' ಎನ್ನುವವರು ಕಡಿಮೆಯಾದರು. ಯಾರನ್ನು ಮಂದರೆಂದು ತಿಳಿದಿದ್ದರೋ ಅವರೂ ಬಾಯಿ ಬಿಟ್ಟರು. ಇದಕ್ಕೆ ಕಟ್ಟಡ ಬೇಡ, ಅನುದಾನ ಬೇಡ, ಸರಕಾರದ ಸುತ್ತೋಲೆಯೂ ಬೇಡ.

ನಾಯಕತ್ವದ ವಿಚಾರದಲ್ಲಿಯೂ ಇದೇ ನಿಯಮ ಕಂಡುಬಂದಿದೆ. ಡೋವ್ ಈಡನ್ ಮತ್ತು ಅಬ್ರಹಾಂ ಶಾನಿ ಎಂಬ ಸಂಶೋಧಕರು ಇಸ್ರೇಲಿನ ಸೇನೆಯಲ್ಲಿ 105 ಜನ ಯೋಧರು ಪಡೆಯುತ್ತಿದ್ದ ಹದಿನೈದು ವಾರಗಳ ದಳನಾಯಕ ತರಬೇತಿಯಲ್ಲಿ ಇಂಥದೇ ಪ್ರಯೋಗ ನಡೆಸಿ 1982ರಲ್ಲಿ ಪ್ರಕಟಿಸಿದರು. ಯಾರಲ್ಲಿ ಹೆಚ್ಚಿನ ದಳನಾಯಕತ್ವದ ಶಕ್ತಿಯಿದೆಯೆಂದು ತರಬೇತುದಾರರಿಗೆ ಹೇಳಲಾಗಿತ್ತೋ ಅವರೇ ಹೆಚ್ಚು ಕಲಿತರು. ಅದಕ್ಕಿಂತಲೂ ಕುತೂಹಲಕರವಾದದ್ದೆಂದರೆ, ಆ ಯೋಧರೇ ತಮ್ಮ ತರಬೇತುದಾರರನ್ನು ಉತ್ತಮ ನಾಯಕರೆಂದು ಹೆಚ್ಚಾಗಿ ಹೊಗಳಿದರು. ಅದೇ ತರಬೇತುದಾರನು ಬೇರೆಯವರಿಗೆ ಅಷ್ಟು ಒಳ್ಳೆಯ ನಾಯಕನಾಗಿ ಕಾಣಲಿಲ್ಲ. ಅಂದರೆ ತನ್ನ ಕೈಕೆಳಗಿನವನಿಂದ ಒಳ್ಳೆಯದನ್ನು ನಿರೀಕ್ಷಿಸುವಾಗ ಮನುಷ್ಯನು ತನಗರಿವಿಲ್ಲದೆಯೇ ಉತ್ತಮ ನಾಯಕನಂತೆ ವರ್ತಿಸತೊಡಗುತ್ತಾನೆ. ಆಡಳಿತ ಮಂಡಳಿಗಳು ಮುಖ್ಯೋಪಾಧ್ಯಾಯರನ್ನೂ, ಮುಖ್ಯೋಪಾಧ್ಯಾಯರು ಸಹಶಿಕ್ಷಕರನ್ನೂ ನೋಡುವ ನೋಟಕ್ಕೆ ಇದನ್ನು ಅನ್ವಯಿಸಿಕೊಳ್ಳುವ ಕೆಲಸವನ್ನು ಓದುಗರಿಗೇ ಬಿಡುತ್ತೇನೆ. ಸೇವೆಯಲ್ಲಿದ್ದಾಗ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ನಿರೀಕ್ಷೆ ಬೇರೆ, ಹಗಲುಗನಸು ಬೇರೆ. ಇಂದು ಪೇಟೆಯಲ್ಲಿ ಸಿಗುವ ಅನೇಕ ಪುಸ್ತಕಗಳು ಇವೆರಡನ್ನೂ ಒಂದೇ ಮಾಡಿ, ಕಣ್ಣು ಮುಚ್ಚಿ ಗೆಲುವನ್ನು ಕಲ್ಪಿಸಿಕೊಂಡರೆ ಗೆಲುವು ಬರುವುದೆಂದು ಬೋಧಿಸುತ್ತವೆ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಓಟಿಂಗನ್ ಇದನ್ನು ಪರೀಕ್ಷೆಗೆ ಒಡ್ಡಿದರು. ದೇಹದ ತೂಕವನ್ನು ಇಳಿಸಲು ಚಿಕಿತ್ಸೆಗೆ ಸೇರಿದ 25 ಸ್ತ್ರೀಯರನ್ನು ಕುರಿತ ಅವರ ಅಧ್ಯಯನ 1991ರಲ್ಲಿ ಪ್ರಕಟವಾಯಿತು. 'ನನ್ನಿಂದ ಇದು ಸಾಧ್ಯ' ಎಂದು ನಿರೀಕ್ಷಿಸಿದವರು ಹೆಚ್ಚು ತೂಕ ಇಳಿಸಿಕೊಂಡರು. ಆದರೆ ತಾವು ಆಗಲೇ ಸಣ್ಣಗಾಗಿರುವಂತೆ ಸುಖವಾಗಿ ಕಲ್ಪಿಸಿಕೊಂಡವರು ಕಡಿಮೆ ಇಳಿಸಿಕೊಂಡರು. ಉದ್ಯೋಗ ಹುಡುಕುತ್ತಿದ್ದ ಪದವೀಧರರಲ್ಲಿಯೂ 2002ರಲ್ಲಿ ಹೀಗೆಯೇ ಕಂಡುಬಂತು. ಸುಖದ ಕನಸು ಹೆಚ್ಚಾಗಿ ಕಂಡವರಿಗೆ ಕೆಲಸದ ಕರೆಗಳು ಕಡಿಮೆ ಬಂದವು, ಸಂಬಳವೂ ಕಡಿಮೆಯಾಯಿತು. ಕನಸಿನಲ್ಲಿ ಉಂಡವನಿಗೆ ಒಲೆ ಹೊತ್ತಿಸುವ ಆತುರವಿರುವುದಿಲ್ಲ. ನಿರೀಕ್ಷೆ ಇಟ್ಟುಕೊಂಡವನಾದರೋ ಸೌದೆಗೆ ಹೊರಡುತ್ತಾನೆ.

ನಿಜವಾದ ನಿರೀಕ್ಷೆ ಹೇಗಿರುತ್ತದೆ ಎಂಬುದಕ್ಕೆ ದೂರದೇಶದ ಪ್ರಯೋಗಶಾಲೆಗಳಿಗಿಂತ ನಿಚ್ಚಳವಾದ ಒಂದು ನಿದರ್ಶನ ನಮ್ಮ ಮಠಪರಂಪರೆಯಲ್ಲಿಯೇ ಇದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಒಂದು ಬಡ ಕುಟುಂಬದಲ್ಲಿ ಕಣ್ಣಿಲ್ಲದ ಒಂದು ಮಗು ಹುಟ್ಟಿತು. ಆ ಕಾಲದಲ್ಲಿ ಕುರುಡು ಮಗುವಿನ ವಿಷಯದಲ್ಲಿ ಲೋಕದ ನಿರೀಕ್ಷೆ ಏನಿತ್ತೆಂದು ಹೇಳಬೇಕಾಗಿಲ್ಲ. ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಸ್ವಾಮಿಗಳು ಆ ಬಾಲಕನ ಕಂಠದಲ್ಲಿ ಬೇರೊಂದನ್ನು ಕಂಡರು. 1909ರಲ್ಲಿ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಪೂಜ್ಯರು ಇವರೇ. ಬಾಲಕನನ್ನು ಹರಸಿ ಕಳುಹಿಸಿ ಸುಮ್ಮನಾಗಲಿಲ್ಲ. ಆಶ್ರಯವಿತ್ತರು, ಅನ್ನವಿತ್ತರು, ದಕ್ಷಿಣಾದಿ ಸಂಗೀತವನ್ನು ಕಲಿಯುವ ಏರ್ಪಾಡು ಮಾಡಿದರು. ಮುಂದೆ ಮಿರಜಿನ ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಸಂಗೀತದ ಶಿಕ್ಷಣ ದೊರೆಯಿತು. ವರ್ಷಾನುಗಟ್ಟಲೆ ನಡೆದ ಸಾಧನೆಯ ಫಲವಾಗಿ ಆ ಬಾಲಕ ಉಭಯ ಪದ್ಧತಿಗಳಲ್ಲಿ ಪಾರಂಗತರಾದ ಪಂಚಾಕ್ಷರಿ ಗವಾಯಿಗಳಾದರು.

ಪಂಚಾಕ್ಷರಿ ಗವಾಯಿಗಳು ತಾವು ಪಡೆದ ನಿರೀಕ್ಷೆಯನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಅಂಧರಿಗೂ ಅನಾಥರಿಗೂ ಸಂಗೀತ ಕಲಿಸುವುದನ್ನೇ ಕಾಯಕವಾಗಿ ಕೈಕೊಂಡು, ಶಿಷ್ಯರನ್ನು ಕಟ್ಟಿಕೊಂಡು ಊರೂರು ಸಂಚರಿಸಿದರು. ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. ಸಂಚಾರಿ ಶಾಲೆಯೆಂದರೆ ಕೇಳಲು ಸೊಗಸು. ಕಣ್ಣು ಕಾಣದ ಗುರು, ಕಣ್ಣು ಕಾಣದ ಮಕ್ಕಳು, ವಾದ್ಯಗಳು, ಪ್ರತಿದಿನದ ದಾಸೋಹ ಇವೆಲ್ಲವನ್ನೂ ಎತ್ತಿಕೊಂಡು ಮುಂದಿನ ಊರಿಗೆ ನಡೆಯುವುದೆಂದರೆ ಏನೆಂಬುದನ್ನು ಊಹಿಸಿದವರಿಗೆ ಮಾತ್ರ ಆ ಸಾಹಸ ತಿಳಿದೀತು. ಅವರ ಶಿಷ್ಯರಲ್ಲಿ ಬಸವರಾಜ ರಾಜಗುರುಗಳಂಥ ಗಾಯಕರು ಆಗಿಹೋದರು. ಹಾವೇರಿ ಸೀಮೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಇದೇ ಗುರುವಿನ ಆಶ್ರಯದಲ್ಲಿ ಬೆಳೆದವರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರವನ್ನು ಹೊತ್ತು, 2010ರವರೆಗೆ, ಅರುವತ್ತಾರು ವರ್ಷ, ಅದನ್ನು ನಡೆಸಿದರು. ಹಲವಾರು ವಾದ್ಯಗಳಲ್ಲಿ ಪ್ರಭುತ್ವ, ಕನ್ನಡ ಹಿಂದಿ ಸಂಸ್ಕೃತಗಳಲ್ಲಿ ಗ್ರಂಥರಚನೆ, 2010ರಲ್ಲಿ ಪದ್ಮಭೂಷಣ, ಇವು ಲೋಕ ಬಲ್ಲ ಸಂಗತಿಗಳು. ಹಾನಗಲ್ಲ ಶ್ರೀಗಳು ಒಬ್ಬ ಬಾಲಕನಲ್ಲಿಟ್ಟ ನಂಬಿಕೆ ಎರಡು ತಲೆಮಾರು ದಾಟಿ ಅಸಂಖ್ಯ ಮಕ್ಕಳ ಕೊರಳಿಗೆ ಇಳಿಯಿತು.

ಇಲ್ಲಿ ದಾನಿಗಳ ಪಾತ್ರವನ್ನು ಮರೆಯುವಂತಿಲ್ಲ. ನಿರೀಕ್ಷೆಯೊಡನೆ ಏರ್ಪಾಡು ಬೇಕು. ಗುರುವನ್ನು ಒದಗಿಸದೆ, ಅನ್ನವನ್ನಿಕ್ಕದೆ, ವರ್ಷಗಳನ್ನು ಕೊಡದೆ 'ನೀನು ದೊಡ್ಡವನಾಗುವೆ' ಎಂದಷ್ಟೇ ಹೇಳುವುದು ಹುಡುಗನ ಮೇಲೆ ಹೊರೆ ಹೇರಿದಂತೆ. ನಾಳೆ ಅವನು ಸೋತರೆ ಆ ಸೋಲು ಪೂರ್ತಿಯಾಗಿ ಅವನದೇ ಆಗುತ್ತದೆ. ಪ್ರಸಾದನಿಲಯಕ್ಕೆ ಸದ್ದಿಲ್ಲದೆ ಜೋಳದ ಚೀಲ ಕಳಿಸುವ ರೈತನು ತನ್ನ ನಿರೀಕ್ಷೆಯನ್ನು ಮಾತಿನಲ್ಲಿ ಆಡುವುದಿಲ್ಲ. ಅದನ್ನು ತೂಗಿ ಕಳಿಸುತ್ತಾನೆ.

ಏಕಾಗ್ರತೆಯ ಬಗ್ಗೆ ಒಂದು ಮಾತು. ನಮ್ಮ ಮಕ್ಕಳಿಗೆ ಮನಸ್ಸು ನಿಲ್ಲುವುದಿಲ್ಲವೆಂಬ ದೂರು ಎಲ್ಲೆಡೆ ಕೇಳಿಬರುತ್ತಿದೆ. ಕೈಯಲ್ಲಿನ ಮೊಬೈಲ್ ಫೋನಿನ ಮೇಲೆ ದೂರು ಹೊರಿಸುತ್ತೇವೆ. ಅದರಲ್ಲಿ ಸುಳ್ಳಿಲ್ಲ. ಆದರೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಅನಿಮಿಷ ದೃಷ್ಟಿಯಿಂದ ನೋಡುವ ಸಾಧನೆಯನ್ನು ಬಲ್ಲ ಪರಂಪರೆಯವರಿಗೆ ಒಂದು ಸಂಗತಿ ಅನುಭವದಿಂದ ಗೊತ್ತಿದೆ. ಮೊದಲ ದಿನವೇ ಯಾರ ಮನಸ್ಸೂ ನಿಲ್ಲುವುದಿಲ್ಲ. ಅದು ಹರಿದಾಡುತ್ತದೆ, ಮತ್ತೆ ತಂದು ನಿಲ್ಲಿಸಬೇಕು. ಮತ್ತೆ ಹರಿದಾಡುತ್ತದೆ, ಮತ್ತೆ ತರಬೇಕು. ಹೀಗೆ ಮರಳಿ ತರುವುದೇ ಸಾಧನೆ. ಮಗುವಿನ ಗಮನ ಹರಿದಾಗ ಗದರಿಸಿ ಅಪರಾಧಿಯನ್ನಾಗಿ ಮಾಡುವ ಗುರು ಅದು ಮರಳಿ ಬರುವ ದಾರಿಯನ್ನೇ ಮುಚ್ಚುತ್ತಾನೆ. ಗುರುವಿಗೂ ಏಕಾಗ್ರತೆ ಬೇಕೆಂಬುದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ನಲವತ್ತು ಮುಖಗಳಲ್ಲಿ ಒಂದು ಮುಖದ ಮೇಲೆ ಮೂರು ಸೆಕೆಂಡ್ ನಿಲ್ಲಲಾರದ ನಮ್ಮ ದೃಷ್ಟಿ ಮಕ್ಕಳಿಂದ ಮೂರು ತಾಸಿನ ದೃಷ್ಟಿಯನ್ನು ಕೇಳುವುದು ಎಷ್ಟು ನ್ಯಾಯ?

ಶಿಕ್ಷಕ ಬಂಧುಗಳ ಸಭೆಯಲ್ಲಿ ವಿಚಾರಿಸಲೆಂದು ಎರಡು ಸಲಹೆಗಳನ್ನು ಇಡುತ್ತೇನೆ. ಜೂನ್ ತಿಂಗಳ ಮೊದಲ ಹದಿನೈದು ದಿನ ಹಿಂದಿನ ವರ್ಷದ ಅಂಕಪಟ್ಟಿಗಳೂ ಷರಾಗಳೂ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿಯೇ ಇರಲಿ. ಹೊಸ ವರ್ಗಶಿಕ್ಷಕರು ಮಕ್ಕಳನ್ನು ತಮ್ಮ ಕಣ್ಣಿನಿಂದ ನೋಡಿದ ಮೇಲೆ ಅವು ಹೊರಬರಲಿ. ಮಗುವಿನ ಆರೋಗ್ಯ, ದೃಷ್ಟಿದೋಷ, ಶ್ರವಣದೋಷ ಇತ್ಯಾದಿ ಮಾಹಿತಿಯನ್ನು ಮಾತ್ರ ಮೊದಲ ದಿನವೇ ಕೊಡಬೇಕು. ಅದನ್ನು ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ. ಎರಡನೆಯದು, ಅಂಕಗಳ ಮೇಲೆ ಮಕ್ಕಳನ್ನು 'ಎ', 'ಬಿ', 'ಸಿ' ವಿಭಾಗಗಳಾಗಿ ಹಂಚುವ ಪದ್ಧತಿ ಎಲ್ಲೆಲ್ಲಿ ಉಳಿದಿದೆಯೋ ಅಲ್ಲಿ ಅದನ್ನು ಕೈಬಿಡುವುದು. ಫಲಿತಾಂಶದ ಶೇಕಡಾವಾರು ಇಳಿಯುವುದೆಂಬ ಭಯ ನನಗೂ ಗೊತ್ತು. ಬೆಳಗಿನ ಪ್ರಾರ್ಥನೆಯಲ್ಲಿ 'ಸಿ' ವಿಭಾಗದ ಸಾಲಿನಲ್ಲಿ ನಿಲ್ಲುವ ಮಗುವಿಗೆ ಪ್ರತಿದಿನ ಏನು ಕಲಿಸುತ್ತಿದ್ದೇವೆ ಎಂಬುದೂ ಲೆಕ್ಕಕ್ಕೆ ಸೇರಬೇಕಷ್ಟೆ.

ಮೂರು ಸೆಕೆಂಡಿನ ಪ್ರಯೋಗವನ್ನು ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ನಾನೇ ಮಾಡಿ ನೋಡಿದೆ. ಪ್ರಶ್ನೆ ಕೇಳಿ ಮನಸ್ಸಿನಲ್ಲಿಯೇ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ. ಮೊದಮೊದಲು ಆ ಮೌನ ಸಹಿಸಲಾರದಷ್ಟು ದೀರ್ಘವಾಗಿ ತೋರುತ್ತಿತ್ತು. ಮುಂದಿನ ಸಾಲಿನ ಹುಡುಗರು ಕೈಯೆತ್ತಿ ಚಡಪಡಿಸುತ್ತಿದ್ದರು. ಒಂದು ದಿನ ಭಿನ್ನರಾಶಿಯ ಲೆಕ್ಕವೊಂದನ್ನು ಕೊಟ್ಟು, ಅದುವರೆಗೆ ಒಮ್ಮೆಯೂ ಮಾತಾಡದ ಒಬ್ಬ ಹುಡುಗಿಯ ಕಡೆ ನೋಡಿ ಎಣಿಸತೊಡಗಿದೆ. ಮೂರಾಯಿತು, ಆರಾಯಿತು. ಅವಳು ಎದ್ದು ನಿಂತು, ಕೆಳಗೆ ನೋಡುತ್ತಲೇ, ಅರ್ಧ ಸರಿಯಾದ ಒಂದು ಉತ್ತರವನ್ನು ಹೇಳಿದಳು. ಉಳಿದರ್ಧವನ್ನು ನಾನೇ ಹೇಳಿ ಮುಗಿಸಲು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡು ಮತ್ತೆ ಒಂದರಿಂದ ಎಣಿಸಲಾರಂಭಿಸಿದೆ.